ದೂರದ ಉಗ್ರಾಣ

ಗೌರಿಬಿದನೂರಿನ ಬಳಿ 1965ರಲ್ಲಿ ಭೂಕಂಪಮಾಪಕಗಳ ಜಾಲವೊಂದು ಸ್ಥಾಪನೆಯಾಯಿತು. ಅಂಥ ಜಾಲದ ದಾಖಲೆಗಳನ್ನು ಒಂದೆಡೆ ಇಟ್ಟು, ಹಲವು ಗಣಕಗಳಲ್ಲಿ ಓದುವುದೆಂತು? ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ರೂಪಿಸಿದ ಎನ್.ಎಫ್.ಎಸ್. ಇದಕ್ಕೊಂದು ಉಪಾಯ. ಯೂನಿಕ್ಸ್ ಗಣಕದಲ್ಲಿ ಬರಿದಾದ ಕೋಶವೊಂದನ್ನು ಮಾಡಿ, ‘ಮೌಂಟ್’ ಎಂಬ ಆಜ್ಞೆಯಿಂದ ದೂರದ ಸರ್ವರಿನ ಉಗ್ರಾಣವನ್ನು ಅದಕ್ಕೆ ಜೋಡಿಸಬೇಕು. ಆಗ ಅದು ಮನೆಯೊಳಗಿನ ಕೋಣೆಯಂತೆಯೇ ತೆರೆಯುತ್ತದೆ.

ಆದರೆ ಒಂದು ಎಚ್ಚರಿಕೆ. ಜೋಡಣೆ ತಪ್ಪಿದರೂ ಬರಿಯ ಕೋಶ ಅಲ್ಲೇ ಇರುತ್ತದೆ. ಬರೆದದ್ದೆಲ್ಲ ಸದ್ದಿಲ್ಲದೆ ಸ್ಥಳೀಯ ಡಿಸ್ಕಿಗೆ ಸೇರುತ್ತದೆ. ಮರಳಿ ಜೋಡಿಸಿದೊಡನೆ ಅದು ಮರೆಯಾಗುತ್ತದೆ. ಅಳಿದಿರುವುದಿಲ್ಲ, ಜೋಡಣೆ ಬಿಚ್ಚಿದರೆ ಮತ್ತೆ ಕಾಣುತ್ತದೆ. ಶಿಡ್ಲಘಟ್ಟದ ಸಂತೆಗೆ ರೇಷ್ಮೆಗೂಡು ಒಯ್ದವರು ತೂಕ ನೋಡದೆ ಹಿಂತಿರುಗುವರೆ? ನೀವೂ ಜೋಡಣೆಯನ್ನು ನೋಡಿಕೊಂಡೇ ಬರೆಯತೊಡಗಿರಿ.