ಸಂಕಲ್ಪಗಳು ಹಲವು, ಆಯುಷ್ಯವೊಂದು
(ಶ್ರೀಮಠದ ಸುವರ್ಣ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಲಸಮಯದಲ್ಲಿ ಪ್ರತಿಯೊಬ್ಬ ಸದ್ಭಕ್ತನೂ ಒಂದು ಸಂಕಲ್ಪವನ್ನು ಮಾಡಿಕೊಂಡು ಮನೆಗೆ ಮರಳಬೇಕೆಂದು ಶ್ರೀಗಳವರು ನಿನ್ನೆ ಅಪ್ಪಣೆ ಕೊಡಿಸಿದರು. ಆ ಬಳಿಕ ಪ್ರಸಾದದ ಪಂಕ್ತಿಯಲ್ಲಿ ನನ್ನ ಎಡಬಲದವರು ತಮ್ಮ ತಮ್ಮ ಸಂಕಲ್ಪಗಳನ್ನು ಹೇಳಿಕೊಳ್ಳುತ್ತಿದ್ದರು. ವಚನಗಳನ್ನು ಕಂಠಪಾಠ ಮಾಡುವದು, ಊರ ಮಕ್ಕಳಿಗೆ ಪಾಠ ಹೇಳುವದು, ಮನೆತನದ ಚರಿತ್ರೆಯನ್ನು ಬರೆಯುವದು, ಸಂಸ್ಕೃತವನ್ನು ಕಲಿಯುವದು, ಗುಡಿಯ ಮುಂದೆ ಹೂದೋಟವನ್ನೆಬ್ಬಿಸುವದು, ಹೀಗೆ ಒಬ್ಬರೇ ಏಳು ಸಂಕಲ್ಪಗಳನ್ನು ಎಣಿಸಿದರು. ಅವನ್ನು ಕೇಳಿ ನನಗೆ ಸಂತೋಷವಾಯಿತು. ಅದರೊಡನೆ ಸ್ವಲ್ಪ ಭಯವೂ ಆಯಿತು. ಸಂತೋಷವೇಕೆಂಬುದನ್ನು ಹೇಳಬೇಕಾಗಿಲ್ಲ. ಭಯವೇಕಾಯಿತೆಂಬುದನ್ನು ನಿವೇದಿಸುವದೇ ಇಂದಿನ ನನ್ನ ಮಾತಿನ ಉದ್ದೇಶವಾಗಿರುವದು.

ತನು, ಮನ, ಧನಗಳನ್ನು ಗುರು, ಲಿಂಗ, ಜಂಗಮಕ್ಕೆ ಸವೆಯಿಸಬೇಕೆಂಬುದು ನಮ್ಮ ಧರ್ಮದ ಮೊದಲ ಪಾಠ. ತನುವೆಂದರೆ ಕಸುವು, ಮನವೆಂದರೆ ಅವಧಾನ, ಧನವೆಂದರೆ ನಾಣ್ಯವಷ್ಟೇ ಅಲ್ಲ, ನಮ್ಮ ಪಾಲಿಗೆ ಬಂದ ಹೊತ್ತೂ ಧನವೇ. ಕಳೆದ ನಾಣ್ಯವು ಮರಳಿ ಬಂದೀತು, ಕಳೆದ ಹೊತ್ತು ಬಾರದು. ಈ ಮೂರೂ ಮಿತವಾದವು. ಮಿತವಾದುದನ್ನು ಹತ್ತು ಕಡೆಗೆ ಚೆಲ್ಲಿದವನು ಹತ್ತು ಪೂಜೆಗಳನ್ನು ಮಾಡಿದಂತಾಗುವದಿಲ್ಲ. ಒಂದನ್ನೂ ಮುಗಿಸದೆ ಎದ್ದಂತಾಗುವದು. ಕರಸ್ಥಲಕ್ಕೆ ಶ್ರೀಗುರುವು ಬಿಜಯಂಗೈಸುವ ಇಷ್ಟಲಿಂಗವು ಒಂದೇ. ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸೆಂದು ಗುರುವು ಹೇಳುವನು. ಪೂಜೆಯಲ್ಲಿ ಕಲಿತ ಈ ಏಕಾಗ್ರತೆಯನ್ನು ಪೂಜೆಯಿಂದೆದ್ದ ಕೂಡಲೆ ಮರೆತುಬಿಟ್ಟರೆ ಕಲಿತ ಫಲವೇನು?

ಶರಣರ ಚರಿತ್ರೆಯಲ್ಲಿ ಆಯ್ದಕ್ಕಿಯ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ತಾವೆಲ್ಲ ಬಲ್ಲಿರಿ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವದು ಮಾರಯ್ಯನ ಕಾಯಕ. ಒಂದು ದಿನ ಕಾಯಕದ ಮಹಿಮೆಯನ್ನು ಕುರಿತ ಅನುಭಾವದಲ್ಲಿಯೇ ಮುಳುಗಿ ಆತನು ಕಾಯಕವನ್ನೇ ಮರೆತನು. ಲಕ್ಕಮ್ಮನು ಬಂದು ಎಚ್ಚರಿಸಿದಳು. ಅವಸರದಿಂದ ಹೋದ ಮಾರಯ್ಯನು ಅಂದು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಆ ಮಹಾಸತಿಯು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದಳು. ಇದನ್ನು ನಾವು ದುರಾಶೆಯ ನಿಷೇಧವೆಂದು ಮಾತ್ರ ಅರ್ಥೈಸುವೆವು. ನನಗೆ ಇದರಲ್ಲಿ ಎರಡು ಬುದ್ಧಿಮಾತುಗಳು ಕಾಣುವವು. ಕೆಲಸವನ್ನು ಕುರಿತು ಮಾತನಾಡುವದು ಕೆಲಸವಲ್ಲವೆಂಬುದು ಮೊದಲನೆಯದು. ಮರೆತ ದಿನದ ಲೋಪವನ್ನು ಎರಡರಷ್ಟು ಹೊತ್ತು ತಂದು ತುಂಬಲಾಗದೆಂಬುದು ಎರಡನೆಯದು. ಸಂಕಲ್ಪಗಳನ್ನು ಪೇರಿಸುವವರು ಈ ಎರಡು ತಪ್ಪುಗಳನ್ನೂ ಮಾಡುವರು. ಮೊದಲು ಮಾತಿನಲ್ಲಿ ಹೊತ್ತು ಕಳೆಯುವರು, ಬಳಿಕ ಗಾಬರಿಯಿಂದ ಹೊರಲಾರದಷ್ಟನ್ನು ಹೊರುವರು.

ಈ ತಪ್ಪನ್ನು ನಾನು ಪುಸ್ತಕದಿಂದ ಅರಿತವನಲ್ಲ, ಮಾಡಿ ಅರಿತವನು. ಮೂವತ್ತೈದರ ಪ್ರಾಯದಲ್ಲಿ ನಾನು ಏಕಕಾಲಕ್ಕೆ ನಾಲ್ಕು ಕಾರ್ಯಗಳನ್ನು ಕೈಕೊಂಡಿದ್ದೆನು: ಷಟ್‌ಸ್ಥಲಕ್ಕೊಂದು ಕನ್ನಡ ವಿವರಣೆ, ವಚನಗಳ ಪಾರಿಭಾಷಿಕ ಪದಗಳ ಕೋಶ, ಶ್ರೀಮಠದ ಗುರುಪರಂಪರೆಯ ಚರಿತ್ರೆ, ಓಲೆಗರಿಗಳ ಪ್ರತಿಲೇಖನ. ಇವುಗಳ ಮೇಲೆ ಪಾಠಶಾಲೆಯ ಬೋಧನೆ ಬೇರೆ. ಆಗ ಸಮೀಪದ ಹಳ್ಳಿಯ ಒಕ್ಕಲಿಗ ಭಕ್ತರೊಬ್ಬರು ತಮ್ಮ ಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಯ ಕಟ್ಟೊಂದನ್ನು ವಸ್ತ್ರದಲ್ಲಿ ಸುತ್ತಿ ತಂದು, ಕಾಗದಕ್ಕೆ ಇಳಿಸಿಕೊಡಬೇಕೆಂದು ಕೇಳಿಕೊಂಡರು. ಬರುವ ಶ್ರಾವಣಕ್ಕೆ ಮುಗಿಸಿಕೊಡುವೆನೆಂದು ಮಾತು ಕೊಟ್ಟೆನು. ಆ ಶ್ರಾವಣ ಹೋಯಿತು, ಮುಂದಿನದೂ ಹೋಯಿತು. ಬೆಳಿಗ್ಗೆ ಕೋಶದ ಎರಡು ಪದ, ಮಧ್ಯಾಹ್ನ ಚರಿತ್ರೆಯ ಒಂದು ಪುಟ, ರಾತ್ರಿ ವಿವರಣೆಯ ನಾಲ್ಕು ಸಾಲು. ದಿನವೆಲ್ಲ ದುಡಿದೆನೆಂಬ ತೃಪ್ತಿಯೊಂದಿದ್ದಿತು. ಮುಗಿದುದು ಯಾವುದೂ ಇರಲಿಲ್ಲ.

ಮೂರನೆಯ ವರುಷ ಕಟ್ಟನ್ನು ಬಿಚ್ಚಿದೆನು. ಹುಳವು ಒಳಹೊಕ್ಕು ನಡುವಿನ ಗರಿಗಳನ್ನು ಜರಡಿಯಂತೆ ಮಾಡಿತ್ತು. ಕೆಲವು ಗರಿಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಹೋದರೆ ಪುಡಿಯಾದವು. ಕಾಡಿಗೆಯನ್ನು ಸವರಿದರೂ ಓದಲು ಅಕ್ಷರವೇ ಉಳಿದಿರಲಿಲ್ಲ. ಮೊದಲಿನ ಮತ್ತು ಕಡೆಯ ಕೆಲವು ಗರಿಗಳಿಂದ ಅದೊಂದು ವಚನಸಂಕಲನವೆಂದು ತಿಳಿಯಿತೇ ಹೊರತು, ನಡುವೆ ಯಾವ ಶರಣನ ಮಾತಿದ್ದಿತೆಂಬುದನ್ನು ಇನ್ನು ಯಾರೂ ಹೇಳಲಾರರು. ಆ ಭಕ್ತರು ಸಿಟ್ಟಾಗಲಿಲ್ಲ. “ಶಾಸ್ತ್ರಿಗಳ, ನಮಗ ಓದಾಕ ಬರೂದಿಲ್ಲ. ಆದ್ರೂ ನಮ್ಮ ಹಿರ್ಯಾರು ವರ್ಷಾ ನೆರಳಾಗ ಹರವಿ, ಎಣ್ಣಿ ಸವರಿ ಕಾಯ್ಕೊಂಡು ಬಂದಿದ್ರು,” ಎಂದಷ್ಟೇ ನುಡಿದು, ಉಳಿದ ಗರಿಗಳನ್ನು ಕಣ್ಣಿಗೊತ್ತಿಕೊಂಡು ಹೊರಟುಹೋದರು. ಓದಲಾರದವರ ಮನೆಯಲ್ಲಿ ತಲೆಮಾರುಗಳವರೆಗೆ ಬದುಕಿದ್ದು ಓದಬಲ್ಲವನ ಮನೆಯಲ್ಲಿ ಮೂರು ವರುಷಕ್ಕೆ ಸತ್ತಿತು. ಸೋಮಾರಿತನದಿಂದ ಅದು ಕೆಡಲಿಲ್ಲ. ನನ್ನ ಅತಿ ಉದ್ಯೋಗದಿಂದ ಕೆಟ್ಟಿತು.

ಆ ದುಃಖದಲ್ಲಿ ನನಗೆ ನೆನಪಾದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲರಾಗಿದ್ದ ಅವರಿಗೆ ಕೆಲಸಗಳೇನು ಕಡಿಮೆಯಿದ್ದವೆ? 1910ರಲ್ಲಿ ಅಲ್ಲಿಯ ಲಿಂಗಾಯತ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಇವುಗಳ ಸ್ಥಾಪನೆಗೆ ಅವರೇ ಮುಂದಾಳುಗಳು. ಆದರೆ ಶಾಲೆಯನ್ನೂ ಬ್ಯಾಂಕನ್ನೂ ನಡೆಯಿಸಲು ಬೇರೆ ಕೈಗಳು ಸಿಕ್ಕುವವು. ಮನೆಮನೆಯ ಜಗಲಿಯ ಮೇಲೆ ಸವೆಯುತ್ತಿದ್ದ ತಾಡವೋಲೆಗಳು ಇನ್ನೊಬ್ಬರ ಸಲುವಾಗಿ ಕಾಯುವಂತಿರಲಿಲ್ಲ. ಅವರು ವಕೀಲಿಯ ಗಳಿಕೆಯನ್ನು ಹಿಂದಕ್ಕಿಟ್ಟು ಓಲೆಗಳನ್ನು ಮುಂದಕ್ಕಿಟ್ಟರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಿದ್ದಿತು. 1926ರಲ್ಲಿ ಶಿವಾನುಭವ ಪತ್ರಿಕೆಯು ಆರಂಭವಾಯಿತು. ಮುದ್ರಣಾಲಯದ ಸಲುವಾಗಿ ಇದ್ದ ಮನೆಯನ್ನೂ ಮಾರಿದರು. 200ಕ್ಕೂ ಮಿಕ್ಕ ವಚನಕಾರರ ವಾಣಿಯು ಅವರಿಂದ ಬೆಳಕಿಗೆ ಬಂದಿತು. 1964ರಲ್ಲಿ ಅವರು ಲಿಂಗೈಕ್ಯರಾಗುವಾಗ ಅವರಲ್ಲಿ ಸಿರಿಯಿರಲಿಲ್ಲ. ಅವರಿಂದ ನಾಡಿಗೆ ಸಿರಿಯಿದ್ದಿತು.

ಅಂದಿನಿಂದ ನಾನು ಯಾವುದೇ ಕೆಲಸಕ್ಕೆ ಕೈಹಾಕುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಿರುವೆನು. ಇದು ಕಾಯಬಲ್ಲುದೋ, ಕೆಟ್ಟುಹೋಗುವದೋ? ಕೋಶವು ಹತ್ತು ವರುಷ ಕಾದರೂ ಪದಗಳು ಸಾಯವು, ಓಲೆಯು ಕಾಯದು. ಮುಪ್ಪಿನ ತಾಯಿಯ ನೆನಪಿನಲ್ಲಿರುವ ಹಾಡುಗಳೂ ಕಾಯವು. ಎರಡನೆಯದು, ನಾನಲ್ಲದೆ ಇದನ್ನು ಇನ್ನೊಬ್ಬರು ಮಾಡಬಲ್ಲರೋ? ಬಲ್ಲರಾದರೆ ಸಂತೋಷದಿಂದ ಒಪ್ಪಿಸಬೇಕು, ಹೆಸರಿನಾಸೆಯಿಂದ ತಡೆಹಿಡಿಯಬಾರದು. ಮೂರನೆಯದು, ಇದಕ್ಕೆ ನನ್ನ ದಿನದ ಯಾವ ಹೊತ್ತನ್ನು ಕೊಡುವೆನು? ಪೂಜೆ ಮುಗಿದ ಬೆಳಗಿನ ಹೊತ್ತು ಹೊಸ ಎಣ್ಣೆ ಹೊಯ್ದ ದೀಪದಂತೆ. ಅದನ್ನು ಕೈಯೊಳಗಿನ ಜಂಗಮವಾಣಿಗೆ ಕೊಟ್ಟು, ಕುಡಿ ಕರಕಾದ ಇರುಳನ್ನು ಮುಖ್ಯಕಾರ್ಯಕ್ಕೆ ಕೊಡುವದು ಪ್ರಸಾದವನ್ನು ಚೆಲ್ಲಿ ತಟ್ಟೆಯನ್ನು ಕಾಯ್ದಂತೆ. ನಾಲ್ಕನೆಯದು, ಹಿಂದೆ ಬಿಚ್ಚಿದ ಕಟ್ಟನ್ನು ಕಟ್ಟಿರುವೆನೋ? ಒಂದನ್ನು ಕಟ್ಟದೆ ಇನ್ನೊಂದನ್ನು ಬಿಚ್ಚಬಾರದು.

ಈ ನಿಯಮದಿಂದ ನಷ್ಟವಿಲ್ಲವೆಂದು ಹೇಳಲಾರೆನು. ಗುರುಪರಂಪರೆಯ ಚರಿತ್ರೆಯನ್ನು ತರುಣ ಶಿಷ್ಯನೊಬ್ಬನಿಗೆ ಒಪ್ಪಿಸಿದೆನು. ಅವನು ನನಗಿಂತ ಚೆನ್ನಾಗಿ ಬರೆದನು. ಕೋಶವು ಅರ್ಧಕ್ಕೆ ನಿಂತಿರುವದು. ಹರೆಯದಿಂದ ಕನಸು ಕಂಡ ವಿವರಣೆಯನ್ನು ಈ ದೇಹದಲ್ಲಿ ನಾನು ಬರೆಯಲಾರೆನೆಂದು ಈಗ ಒಪ್ಪಿಕೊಂಡಿರುವೆನು. ಒಪ್ಪಿಕೊಂಡ ದಿನ ಕಣ್ಣು ತುಂಬಿತು. ಆದರೆ ಅಂದಿನಿಂದ ಶ್ರೀಮಠಕ್ಕೆ ಬಂದ ಯಾವ ಓಲೆಯ ಕಟ್ಟೂ ನನ್ನ ಮನೆಯಲ್ಲಿ ಎರಡನೆಯ ಶ್ರಾವಣವನ್ನು ಕಂಡಿಲ್ಲ.

ಆದ್ದರಿಂದ ಶರಣಬಂಧುಗಳೇ, ಏಳು ಸಂಕಲ್ಪಗಳನ್ನು ಮಾಡಿದವರಲ್ಲಿ ನನ್ನ ಪ್ರಾರ್ಥನೆಯಿದು. ಏಳನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಯಾವುದು ಈ ವರುಷ ಮಾಡದಿದ್ದರೆ ಎಂದೆಂದಿಗೂ ಮಾಡಲಾಗದೋ ಅದೊಂದನ್ನು ಆರಿಸಿ ಗದ್ದುಗೆಯ ಮುಂದೆ ನಿವೇದಿಸಿಕೊಳ್ಳಿರಿ. ಉಳಿದ ಆರನ್ನು ಮಡಿಚಿ ಇಡಿರಿ. ಅವು ಸತ್ತುವಲ್ಲ, ಸರದಿಯಲ್ಲಿ ನಿಂತವು. ಮುಂದಿನ ಜಾತ್ರೆಗೆ ಬರುವಾಗ ಮುಗಿಸಿದ ಒಂದನ್ನು ತನ್ನಿರಿ. ತುಂಬಿದ ಒಂದು ಬಿಲ್ವಪತ್ರೆಯು ಲಿಂಗಕ್ಕೆ ಸಾಕು.