ಗಿಡಮೂಲಿಕೆಗಳ ಪರೀಕ್ಷೆ

ಕೊಪ್ಪಳ ಜಿಲ್ಲೆಯ ಕುಕನೂರೆಂದೊಡನೆ ನಮ್ಮಲ್ಲಿ ಅನೇಕರಿಗೆ ಮಹಾಮಾಯೆಯ ಗುಡಿಯೂ ನವಲಿಂಗ ದೇವಾಲಯವೂ ನೆನಪಾಗುವುವು. ಆ ಸೀಮೆಯ ಎರೆಹೊಲಗಳ ಬದುಗಳಲ್ಲಿ, ಹಳ್ಳದ ದಂಡೆಗಳಲ್ಲಿ ಬೇರೊಂದು ಸಂಪತ್ತುಂಟು: ಬೇವು, ತಂಗಡಿ, ಲಕ್ಕಿ, ಎಕ್ಕ. ಹುಣ್ಣಿಗೆ ಬೇವಿನೆಲೆಯನ್ನು ಅರೆದು ಹಚ್ಚುವುದು, ನೆಗಡಿಗೆ ಲಕ್ಕಿಸೊಪ್ಪಿನ ಹಬೆಯನ್ನು ಹಿಡಿಯುವುದು ಹಳ್ಳಿಗಳಲ್ಲಿ ಇಂದಿಗೂ ಬಿಟ್ಟುಹೋಗಿಲ್ಲ. ಇಂಥ ಮೂಲಿಕೆಗಳಲ್ಲಿ ಯಾವುದು ರೋಗಾಣುವನ್ನು ಮಾತ್ರ ಕೊಲ್ಲುವುದು, ಯಾವುದು ರೋಗಿಗೂ ಕೇಡನ್ನುಂಟುಮಾಡುವುದು? ಇದನ್ನು ತಿಳಿಯುವ ಬಗೆಯೆಂತು?

ಮೊದಲನೆಯ ಪರೀಕ್ಷೆ ನೋಡುವುದಕ್ಕೆ ಬಲು ಸೊಗಸು. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಅಂಟುದ್ರವ್ಯವನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಕೀವನ್ನುಂಟುಮಾಡುವ ಸ್ಟೆಫಿಲೊಕಾಕಸ್ ಮೊದಲಾದ ಬ್ಯಾಕ್ಟೀರಿಯಗಳನ್ನು ಸವರುತ್ತಾರೆ. ನಡುವೆ ಸಣ್ಣ ಕುಳಿಯನ್ನು ಕೊರೆದು ಮೂಲಿಕೆಯ ಸಾರವನ್ನು ತುಂಬಿ, 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ರಾತ್ರಿ ಇಡುತ್ತಾರೆ. ಸಾರವು ಅವುಗಳ ಬೆಳವಣಿಗೆಯನ್ನು ತಡೆದರೆ, ಕುಳಿಯ ಸುತ್ತ ಚಂದ್ರನ ಪರಿವೇಷದಂತೆ ತಿಳಿಯಾದ ಉಂಗುರವೊಂದು ಮೂಡುವುದು.

ಈ ಉಂಗುರವನ್ನು ಕಂಡು ಹಿಗ್ಗುವವರೇ ಹೆಚ್ಚು. ಆದರೆ ಸಾರವನ್ನು ತೆಗೆಯಲು ಬಳಸಿದ ಮದ್ಯಸಾರವೂ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲುದು. ಆದುದರಿಂದ ಬರಿಯ ಮದ್ಯಸಾರವನ್ನೂ ಪಕ್ಕದ ಕುಳಿಯಲ್ಲಿಟ್ಟು ನೋಡಬೇಕು. ಹಳ್ಳಿಯವರು ಸೊಪ್ಪನ್ನು ನೀರಿನಲ್ಲಿ ಕುದಿಸುತ್ತಾರಲ್ಲದೆ ಮದ್ಯಸಾರದಲ್ಲಿ ನೆನೆಸುವುದಿಲ್ಲ. ಒಂದರ ಗುಣ ಇನ್ನೊಂದಕ್ಕೆ ಬಾರದು. ಪ್ರಮಾಣದ ಮಾತನ್ನಂತೂ ಮರೆಯಲಾಗದು. ಮಿಲಿಲೀಟರಿಗೆ 5 ಮಿಲಿಗ್ರಾಂ ಸಾರವಿದ್ದರೆ ಮಾತ್ರ ಬೆಳವಣಿಗೆ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಮನುಷ್ಯದೇಹದ ಸುಮಾರು 5 ಲೀಟರು ರಕ್ತದಲ್ಲಿ ಆ ಪ್ರಮಾಣ ತುಂಬಬೇಕಾದರೆ 25 ಗ್ರಾಂ ಸಾರವು ರಕ್ತದಲ್ಲಿಯೇ ಕರಗಿರಬೇಕು! ಹುಣ್ಣಿಗೆ ಹಚ್ಚುವುದಕ್ಕೆ ಅದು ಒದಗೀತು. ಕುಡಿಯುವ ಔಷಧಿಯೆನ್ನಲು ನಾವು ಒಪ್ಪಲಾರೆವು.

ಎರಡನೆಯದು ವಿಷಪರೀಕ್ಷೆ. ಉಪ್ಪುನೀರಿನ ಪುಟ್ಟ ಸಿಗಡಿಮರಿಗಳನ್ನು ಸಾರದಲ್ಲಿ ಬಿಟ್ಟು, 24 ಗಂಟೆಗಳ ಬಳಿಕ ಸತ್ತವನ್ನು ಎಣಿಸುವುದು ಅಗ್ಗದ ಕ್ರಮ. ಇಲಿಗಳಿಗೆ ಒಮ್ಮೆ ಕುಡಿಸಿ 14 ದಿನ ಕಾದು ನೋಡುವುದು ಮುಂದಿನ ಹೆಜ್ಜೆ. ಗುಲಗಂಜಿಯ ಬೀಜದಂಥ ಉಗ್ರವಿಷ ಇಲ್ಲಿ ಸಿಕ್ಕಿಬೀಳುವುದು.

ನಿಧಾನವಾಗಿ ಕೊಲ್ಲುವುದು ಇಲ್ಲಿ ತಪ್ಪಿಸಿಕೊಳ್ಳಬಹುದು. ಹಾವಿನ ಕಡಿತಕ್ಕೆಂದು ನಮ್ಮ ನಾಡಿನಲ್ಲಿ ಹೆಸರಾದ ಈಶ್ವರಿ ಬೇರನ್ನೇ ನೋಡಿರಿ. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲವುಂಟು. ಅದೇ ಆಮ್ಲವಿರುವ ಚೀನೀ ಮೂಲಿಕೆಯನ್ನು ಮೈ ಕರಗಿಸಲೆಂದು ಸೇವಿಸಿದ ಬೆಲ್ಜಿಯಂ ದೇಶದ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುಹೋದುದು 1993ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮೂತ್ರನಾಳದ ಅರ್ಬುದವೂ ತಗುಲಿತು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬಂದ ಕೇಡನ್ನು ಆ ಬೇರಿಗೆ ಹೊಂದಿಸಿ ಹೇಳುವವರಾರು? ತಲೆಮಾರುಗಳ ಅನುಭವಕ್ಕೆ ತಕ್ಷಣದ ಗುಣ ಕಾಣುವುದು, ತಡವಾದ ದೋಷ ಕಾಣದು.

ಆದುದರಿಂದ ಕುಕನೂರಿನ ನಾಟಿವೈದ್ಯರ ಬಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಗಿಡದ ಹೆಸರನ್ನಷ್ಟೇ ಬರೆದುಕೊಂಡು ಬಂದರೆ ಸಾಲದು. ಎಲೆಯೋ ಬೇರೋ, ಯಾವ ಋತುವಿನಲ್ಲಿ ಕಿತ್ತದ್ದು, ಎಷ್ಟು ನೀರಿಗೆ ಎಷ್ಟು, ಎಷ್ಟು ದಿನ ಕೊಡುವುದು, ಯಾರಿಗೆ ಕೊಡಲೇಬಾರದು ಎಂಬುದನ್ನೂ ಕೇಳಿ ಬರೆದುಕೊಳ್ಳಲಿ. ಬಸುರಿಯರಿಗೆ ಇಂಥದು ಕೂಡದೆಂದು ಅವರು ಹೇಳಿದರೆ, ಆ ಗಿಡದ ವಿಷಪರೀಕ್ಷೆಯನ್ನು ಮೊದಲು ಮಾಡತಕ್ಕದ್ದು.