ಒಪ್ಪದ ಮನಸ್ಸು, ಒಲಿದ ಕಣ್ಣು

1989ರಲ್ಲಿ ತೆರೆಕಂಡ ‘ನಂಜುಂಡಿ ಕಲ್ಯಾಣ’ವೆಂಬ ಚಲನಚಿತ್ರವು, ಸ್ತ್ರೀಪುರುಷರು ಸರ್ವಥಾ ಸಮಾನರೆಂದು ಮನಸಾ ನಂಬಿರುವ ನನ್ನಂಥವರ ಅಂತಃಕರಣಕ್ಕೆ ಇಂದಿಗೂ ಒಂದು ಸಂಕಟವನ್ನು ತಂದೊಡ್ಡುತ್ತದೆ. ಅಹಂಕಾರಿಯೆನಿಸಿಕೊಂಡ ಹೆಣ್ಣೊಬ್ಬಳನ್ನು ಕೈಹಿಡಿದವನು ಪಳಗಿಸುವ ಈ ಕಥೆಯು ಷೇಕ್ಸ್‌ಪಿಯರನ ನಾಟಕವೊಂದರಿಂದ ಇಳಿದುಬಂದದ್ದು. ಆ ನಾಟಕದ ನಾಯಕ ಪೆಟ್ರೂಕಿಯೋ, ಹಸಿದು ಬಂದ ಹೆಂಡತಿಯ ಮುಂದಿಟ್ಟ ಮಾಂಸವನ್ನು ಸೀದುಹೋಗಿದೆಯೆಂದು ನೆವ ಹೇಳಿ ಎಸೆದು, ಅವಳಿಗೆ ನಿದ್ರೆಯನ್ನೂ ಕೊಡದೆ ಕಾಡುವನು. ಇದನ್ನು ದಾಂಪತ್ಯವೆನ್ನಲಾದೀತೇ? ಕ್ರೌರ್ಯವೆಂದೇ ನನ್ನ ನಿಶ್ಚಿತವಾದ ಅಭಿಪ್ರಾಯ.

ಆದರೂ ದೂರದರ್ಶನದಲ್ಲಿ ಆ ಚಿತ್ರ ಬಂದಿತೆಂದರೆ, ಕೈಗೆತ್ತಿಕೊಂಡ ಕೆಲಸವನ್ನು ಬದಿಗಿಟ್ಟು ಕುಳಿತುಬಿಡುತ್ತೇನೆ. ಕಾರಣವನ್ನು ಶೋಧಿಸಿದಾಗ ನನಗೆ ತೋರುವುದಿಷ್ಟು: ರಾಘವೇಂದ್ರ ರಾಜ್‌ಕುಮಾರರ ಎದುರು ನಿಂತ ಮಾಲಾಶ್ರೀಯವರು, ಕನ್ನಡದಲ್ಲಿ ನಾಯಕಿಯಾಗಿ ಆಗತಾನೇ ಕಾಲಿಟ್ಟವರಾದರೂ, ಹುಬ್ಬು ಗಂಟಿಕ್ಕಿ, ಕಣ್ಣರಳಿಸಿ, ಕಿಂಚಿತ್ತೂ ಅಳುಕದೆ ಮಾತಿಗೆ ಮಾತು ಕೊಡುವಾಗ, ಕಥೆಯು ತಗ್ಗಿಸಹೊರಟ ಆ ದರ್ಪವೇ ಪರದೆಯನ್ನೆಲ್ಲ ಆವರಿಸಿ, ನೋಡುವವರ ಹೃದಯವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಕಡೆಯಲ್ಲಿ ಅವಳು ಮಣಿದಾಗ ಸುತ್ತಲಿನವರು ಹರ್ಷಿಸುವರು. ನನಗೆ ಮಾತ್ರ ಏನನ್ನೋ ಕಳೆದುಕೊಂಡಂತಾಗುವುದು. ಮುಂದೆ ಆ ನಟಿಯೇ ಖಾಕಿ ತೊಟ್ಟು ದುಷ್ಟರನ್ನು ಸದೆಬಡಿಯುವ ಪಾತ್ರಗಳಲ್ಲಿ ಮೆರೆದರೆಂಬುದು ನನಗೆ ನಿಜವಾಗಿಯೂ ಸಂತೋಷದ ವಿಷಯ.